ಕಂತಿನಲ್ಲಿ ಬಂದ ಮಿಷನ್ನು

1924ರಲ್ಲಿ ಯಂತ್ರಗಳ ಮಾತು ಬಂದಾಗ ಗಾಂಧೀಜಿ ಸಿಂಗರ್ ಹೊಲಿಗೆ ಯಂತ್ರವನ್ನು ಮೆಚ್ಚಿ ಮಾತಾಡಿದರು. ಹೆಂಡತಿ ಕೈಹೊಲಿಗೆಯಲ್ಲಿ ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ರೂಪಿಸಿದನೆಂಬುದು ಅವರ ನಂಬಿಕೆ. ಕಥೆ ಚೆಂದ, ಚರಿತ್ರೆ ಬೇರೆ. ತುದಿಯಲ್ಲೇ ಕಣ್ಣಿರುವ ಸೂಜಿಯಿಂದ ಎರಡು ದಾರಗಳನ್ನು ಹೆಣೆದು ಹೊಲಿಯುವ ಯಂತ್ರಕ್ಕೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲೇ ಪೇಟೆಂಟ್ ಪಡೆದಿದ್ದ. 1851ರಲ್ಲಿ ಪೇಟೆಂಟ್ ಪಡೆದ ಐಸಾಕ್ ಸಿಂಗರ್, ವ್ಯಾಜ್ಯದ ನಂತರ ಹೋವ್‌ಗೆ ರಾಯಧನ ತೆರಬೇಕಾಯಿತು.

ಆದರೂ ಸಾಧಾರಣ ಮನೆಗಳಿಗೆ ಮಿಷನ್ನು ಬಂದದ್ದು ಸಿಂಗರ್ ಕಂಪನಿ 1856ರಲ್ಲಿ ಆರಂಭಿಸಿದ ಕಂತಿನ ವ್ಯಾಪಾರದಿಂದ. ಪ್ರೀತಿಯ ಕಥೆಗಿಂತ ಈ ಕಂತಿನ ಕಥೆಯೇ ನನಗೆ ಹತ್ತಿರದ್ದು. ಅಪ್ಪ ತೀರಿಕೊಂಡ ವರ್ಷ ಅಮ್ಮನೂ ಪೇಟೆಯ ದರ್ಜಿಯೊಬ್ಬರಿಂದ ಹಳೆಯ ಸಿಂಗರನ್ನು ತಿಂಗಳ ಕಂತಿನಲ್ಲೇ ಕೊಂಡಳು. ನನ್ನ ಬಿ.ಎಡ್. ಫೀಸು ಹುಟ್ಟಿದ್ದು ನೆರೆಹೊರೆಯವರ ರವಿಕೆಗಳಿಂದ.

ಅದರ ನಂಬರು ಇಂಗ್ಲಿಷಿನ ವೈ ಅಕ್ಷರದಿಂದ ಶುರುವಾಗುತ್ತದೆ. ಎಂದರೆ ಎರಡು ಮಹಾಯುದ್ಧಗಳ ನಡುವೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ತಯಾರಾದದ್ದು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಇದಕ್ಕೆ ಮಾತ್ರ ತೂತು ತೂತಿಗೊಂದು ಹನಿ ಎಣ್ಣೆ ಬಿಟ್ಟರೆ ಸಾಕು, ಇಂದಿಗೂ ದಪ್ಪ ಹೊದಿಕೆಯನ್ನೂ ತಡೆಯಿಲ್ಲದೆ ಹೊಲಿಯುತ್ತದೆ. ಹಾಲ್‌ನಲ್ಲಿ ಅಲಂಕಾರಕ್ಕಿಡಿ ಎನ್ನುವವರಿದ್ದಾರೆ. ದುಡಿದು ಮನೆ ನಡೆಸಿದ್ದನ್ನು ಗೊಂಬೆ ಮಾಡಲು ನನಗೆ ಮನಸ್ಸಿಲ್ಲ.