ಬೀದಿಯಲ್ಲಿ ಉಳಿದಿರುವ ಹಳೆಯ ಮೋಟಾರುಗಳು

ಹಳೆಯ ಮೋಟಾರು ಗಾಡಿಗಳ ಮಾತು ಬಂದೊಡನೆ ನಮ್ಮಲ್ಲಿ ಅನೇಕರ ಮನಸ್ಸು ಅರಮನೆಗಳ ಕಡೆಗೆ ಓಡುವುದು. ರೋಲ್ಸ್ ರಾಯ್ಸ್, ಡೈಮ್ಲರ್, ಬ್ಯೂಯಿಕ್ ಎಂಬ ಹೆಸರುಗಳೂ, ಥಳಥಳಿಸುವ ಹಿತ್ತಾಳೆಯ ದೀಪಗಳೂ, ಸಮವಸ್ತ್ರ ಧರಿಸಿದ ಸಾರಥಿಗಳೂ ಕಣ್ಣಮುಂದೆ ನಿಲ್ಲುವುವು. ಆ ಗಾಡಿಗಳಿಗೆ ಇಂದು ಭಯವೇನೂ ಇಲ್ಲ. ಅವುಗಳ ಚರಿತ್ರೆಯನ್ನು ಬರೆದವರುಂಟು. ಅವನ್ನು ಒರಸಿ ತಿಕ್ಕಿ ಕಾಪಾಡುವವರೂ ಉಂಟು. ಧರ್ಮಸ್ಥಳದ ಸಂಗ್ರಹವನ್ನು ಯಾತ್ರಿಕರನೇಕರು ಕಂಡಿರುವರು. ಶ್ರೀರಂಗಪಟ್ಟಣದ ಸಮೀಪದಲ್ಲಿ ೨೦೨೩ರಲ್ಲಿ ತೆರೆದ ‘ಪಯಣ’ ವಸ್ತುಸಂಗ್ರಹಾಲಯವೂ ಧರ್ಮಸ್ಥಳದವರ ಪ್ರಯತ್ನದ ಫಲವೇ. ಇಂದಿನ ನಮ್ಮ ಪ್ರಸ್ತಾಪ ಅಂತಹ ಗಾಡಿಗಳದಲ್ಲ. ಬಡಾವಣೆಯ ಹೊಂಗೆಯ ಮರದ ಕೆಳಗೆ ಎಲೆ ಧೂಳುಗಳನ್ನು ಹೊತ್ತು ನಿಂತಿರುವ, ಇಲ್ಲವೆ ವಾರಕ್ಕೊಮ್ಮೆ ಯಜಮಾನನನ್ನು ತರಕಾರಿಯ ಪೇಟೆಗೆ ಕರೆದೊಯ್ದು ತರುವ ಸಾಮಾನ್ಯರ ಗಾಡಿಗಳೇ ನಮ್ಮ ವಿಷಯ.

ಅಪರೂಪವೆಂಬುದು ಬೆಲೆಯನ್ನು ಅನುಸರಿಸಿ ಬರುವುದೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ನಡೆಯುವುದು ಬೇರೆ. ಬೆಳ್ಳಿಯ ತಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು ಮೊಮ್ಮಕ್ಕಳಿಗೆ ಕೊಡುವವರು ದಿನವೂ ಅನ್ನ ಬೇಯಿಸಿದ ಮಡಕೆಯನ್ನು ಕಾಪಾಡುವುದಿಲ್ಲ. ಅದು ಒಡೆದ ದಿನ ತಿಪ್ಪೆ ಸೇರುವುದು. ಕಾಲ ಕಳೆದಮೇಲೆ ಆ ಮಡಕೆಯನ್ನು ಹುಡುಕಿದರೆ ಸಿಕ್ಕದು. ಮೋಟಾರುಗಳ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಮಹಾರಾಜರ ಗಾಡಿ ಇದ್ದಲ್ಲಿಯೇ ಇದೆ. ಮೇಷ್ಟರ ಗಾಡಿ, ವೈದ್ಯರ ಗಾಡಿ, ಕಂಟ್ರಾಕ್ಟರರ ಗಾಡಿ ಗುಜರಿಗೆ ಹೋಗಿದೆ.

ಈ ಗಾಡಿಗಳು ಏಕೆ ಹಾಗಿವೆ, ಅವುಗಳಲ್ಲಿ ಬಗೆಗಳು ಏಕೆ ಅಷ್ಟು ಕಡಮೆ ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಫೋರ್ಡ್ ಕಂಪೆನಿಯು ೧೯೨೬ರಲ್ಲಿಯೂ ಜನರಲ್ ಮೋಟಾರ್ಸ್ ಕಂಪೆನಿಯು ೧೯೨೮ರಲ್ಲಿಯೂ ಇಂಡಿಯಾದಲ್ಲಿ ನೆಲೆಯೂರಿದುವು. ಹಡಗಿನಲ್ಲಿ ಬಂದ ಬಿಡಿಭಾಗಗಳನ್ನು ಇಲ್ಲಿ ಜೋಡಿಸಿ ಮಾರುವುದೇ ಅವುಗಳ ಕೆಲಸವಾಗಿತ್ತು. ದೇಶದಲ್ಲಿಯೇ ಮೋಟಾರನ್ನು ಮಾಡಬೇಕೆಂದು ಹಟ ಹಿಡಿದವರಲ್ಲಿ ಮೊದಲಿಗರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರು ೧೯೩೫ರಲ್ಲಿ ಯೂರೋಪು ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದು ಯೋಜನೆಯೊಂದನ್ನು ಸಿದ್ಧಪಡಿಸಿದರು. ವಾಲ್‌ಚಂದ್ ಹೀರಾಚಂದರು ಬಂಡವಾಳ ಹೂಡಲು ಮುಂದೆ ಬಂದರು. ಮೈಸೂರು ಸರ್ಕಾರವೂ ನೆರವಿಗೆ ಸಿದ್ಧವಾಗಿತ್ತು. ಬ್ರಿಟಿಷ್ ಸರ್ಕಾರ ಮಾತ್ರ ಒಪ್ಪಲಿಲ್ಲ. ವಾಲ್‌ಚಂದರು ೧೯೪೦ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರು. ೧೯೪೪ರಲ್ಲಿ ಅವರು ಆರಂಭಿಸಿದ ಮೋಟಾರು ಕಂಪೆನಿಯು ಮುಂಬಯಿಯ ಕುರ್ಲಾದ ಪಾಲಾಯಿತು. ಕಾರಿಗಿಂತ ಮೊದಲು ವಿಮಾನವನ್ನು ಕಂಡ ಕೈಗಾರಿಕೆಯ ಊರು ಬೆಂಗಳೂರು ಎಂದು ನಗುವುದಾದರೆ ನಗಬಹುದು; ವಿಶ್ವೇಶ್ವರಯ್ಯನವರಿಗೆ ಅದು ನಗುವ ವಿಷಯವಾಗಿರಲಾರದು.

ಸ್ವಾತಂತ್ರ್ಯಾನಂತರ ೧೯೫೩ರಲ್ಲಿ ಸುಂಕದ ಆಯೋಗವು ಒಂದು ಮುಖ್ಯವಾದ ಸಲಹೆ ಮಾಡಿತು: ಇಲ್ಲಿ ತಯಾರಿಸುವ ಕಾರ್ಯಕ್ರಮವುಳ್ಳವರು ಮಾತ್ರ ಉಳಿಯಲಿ, ಬರಿದೆ ಜೋಡಿಸುವವರು ಹೊರಡಲಿ ಎಂದು. ಫೋರ್ಡೂ ಜನರಲ್ ಮೋಟಾರ್ಸೂ ಬಾಗಿಲು ಮುಚ್ಚಿದುವು. ಕಾರುಗಳ ಮಟ್ಟಿಗೆ ಮುಖ್ಯವಾಗಿ ಉಳಿದವರು ಮೂವರು: ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ಬಿರ್ಲಾರವರ ಹಿಂದೂಸ್ತಾನ್ ಮೋಟಾರ್ಸ್, ಮುಂಬಯಿಯಲ್ಲಿ ಪ್ರೀಮಿಯರ್, ಮದರಾಸಿನಲ್ಲಿ ಸ್ಟ್ಯಾಂಡರ್ಡ್. ಹೀಗಾಗಿ ಸುಮಾರು ಮೂವತ್ತು ವರ್ಷಗಳ ಕಾಲ ನಮ್ಮ ಬೀದಿಗಳಲ್ಲಿ ಓಡಿದುದು ಬಹುಮಟ್ಟಿಗೆ ಮೂರೇ ಆಕೃತಿಗಳು. ಬೇರೆ ದೇಶಗಳಲ್ಲಿ ವರ್ಷವರ್ಷವೂ ಗಾಡಿಯ ರೂಪ ಬದಲಾಗುತ್ತಿದ್ದಾಗ ಇಲ್ಲಿ ಬದಲಾಗುತ್ತಿದ್ದುದು ಮುಂದಿನ ಜಾಲರಿ, ದೀಪದ ಸುತ್ತಿನ ಉಂಗುರ, ಹೆಸರಿನ ಫಲಕ. ನೋಡಬಲ್ಲ ಕಣ್ಣಿಗೆ ಇಷ್ಟು ಸಾಕು.

ಅಂಬಾಸಿಡರನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಮಾದರಿಯಿಂದ ಹುಟ್ಟಿದ ಇದು ೧೯೫೦ರ ದಶಕದ ಕೊನೆಯಿಂದ ೨೦೧೪ರ ಮೇ ತಿಂಗಳವರೆಗೆ ತಯಾರಾಯಿತು. ಎಲ್ಲ ಅಂಬಾಸಿಡರುಗಳೂ ಒಂದೇ ಎಂಬ ಮಾತು ಸರಿಯಲ್ಲ. ಚೌಕುಳಿ ಚೌಕುಳಿಯಾಗಿ ನೆಯ್ದಂತಿರುವ ಜಾಲರಿ ಕಂಡರೆ ಅದು ೧೯೬೦ರ ದಶಕದ ಎರಡನೆಯ ಮಾರ್ಕು. ಚಿಕ್ಕ ಜಾಲರಿಯೂ ಮಡಿಕೆ ಬಿದ್ದ ಬಾನೆಟ್ಟೂ ಇದ್ದರೆ ಮೊದಲನೆಯ ಮಾರ್ಕು, ಅದು ಕಂಡವರ ಭಾಗ್ಯ. ಅದಕ್ಕೂ ಹಿಂದಿನ ಲ್ಯಾಂಡ್‌ಮಾಸ್ಟರ್ ೧೯೫೪ರದು. ಅದರ ಎಂಜಿನ್ನೇ ಆರಂಭದ ಅಂಬಾಸಿಡರಿಗೂ ಬಂದಿತ್ತು. ಸರ್ಕಾರದ ಬಿಳಿಯ ಅಂಬಾಸಿಡರುಗಳಿಂದಾಗಿ ಈ ಗಾಡಿಗೆ ಅಧಿಕಾರದ ವಾಸನೆ ಅಂಟಿಕೊಂಡಿತು. ಅದರ ಸ್ವಭಾವವಾದರೋ ಸಂಸಾರಿಯದು.

ಫಿಯೆಟ್ಟಿನ ಕತೆಯನ್ನು ಸಂಗ್ರಹವಾಗಿ ಹೇಳಬಹುದು. ೧೯೫೪ರಲ್ಲಿ ಬಂದ ೧೧೦೦ರ ಮೊದಲ ಮಾದರಿಯ ದುಂಡನೆಯ ಮೈಯನ್ನು ನೋಡಿ ಮುಂಬಯಿಯ ಮರಾಠಿ ಜನ ಅದಕ್ಕೆ ‘ಡುಕ್ಕರ್’, ಎಂದರೆ ಹಂದಿ, ಎಂದು ಹೆಸರಿಟ್ಟರು. ಪ್ರೀತಿಯಿಂದಲೇ ಇಟ್ಟದ್ದು. ಅದರ ಮುಂದಿನ ಬಾಗಿಲುಗಳ ಕೀಲು ಹಿಂಬದಿಗೆ ಇದ್ದುದರಿಂದ ಬಾಗಿಲು ಬೀರುವಿನಂತೆ ತೆರೆಯುತ್ತಿತ್ತು. ೧೯೬೪ರಿಂದ ಬಂದ ೧೧೦೦-ಡಿ ಮಾದರಿಯು ೧೯೭೨ರಲ್ಲಿ ‘ಪ್ರೆಸಿಡೆಂಟ್’ ಆಗಿ, ೧೯೭೪ರಲ್ಲಿ ‘ಪದ್ಮಿನಿ’ಯಾಗಿ ಹೆಸರು ಬದಲಿಸಿತು, ಜನರ ಬಾಯಲ್ಲಿ ಮಾತ್ರ ಕೊನೆಯವರೆಗೂ ಫಿಯೆಟ್ಟೇ. ಮುಂಬಯಿಯಲ್ಲಿ ಟ್ಯಾಕ್ಸಿಯಾಗಿ ನೋಂದಣಿಯಾದ ಕಟ್ಟಕಡೆಯ ಪದ್ಮಿನಿಯು ಇಪ್ಪತ್ತು ವರ್ಷಗಳ ಮಿತಿ ತುಂಬಿ ೨೦೨೩ರ ಅಕ್ಟೋಬರಿನಲ್ಲಿ ನಿವೃತ್ತವಾಯಿತು. ಕಪ್ಪು ಹಳದಿಗಳ ಆ ಗಾಡಿ ಒಂದು ಕಾಲದಲ್ಲಿ ಆ ಊರಿನಲ್ಲಿ ಕಾಗೆಯಷ್ಟು ಸಾಮಾನ್ಯವಾಗಿತ್ತು.

ಮೂರನೆಯದಾದ ಹೆರಾಲ್ಡಿನ ವಿಷಯದಲ್ಲಿ ನಮಗೆ ಸ್ವಲ್ಪ ಪಕ್ಷಪಾತವಿರುವುದನ್ನು ಮುಚ್ಚಿಡಲಾರೆವು. ಇಂಗ್ಲೆಂಡಿನಲ್ಲಿ ೧೯೫೯ರಲ್ಲಿ ಹುಟ್ಟಿದ ಈ ಗಾಡಿಗೆ ರೂಪ ಕೊಟ್ಟವನು ಇಟಲಿಯ ಮಿಕೆಲೊಟ್ಟಿ. ಮೈಯನ್ನು ಒಂದೇ ಅಚ್ಚಿನಲ್ಲಿ ಮಾಡದೆ ತುಂಡುತುಂಡಾಗಿ ಮಾಡಿ ಬೋಲ್ಟುಗಳಿಂದ ಚಾಸಿಗೆ ಬಿಗಿದಿದ್ದುದರಿಂದ ದೂರದೇಶಗಳಲ್ಲಿ ಜೋಡಿಸುವುದಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ೧೯೬೧ರಲ್ಲಿ ಮದರಾಸಿಗೆ ಬಂದಿತು. ಅದರ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುವುದು. ಮೆಕ್ಯಾನಿಕ್ಕು ಚಕ್ರದ ಮೇಲೆ ಕುಳಿತು ಎಂಜಿನ್ನಿನ ಕೆಲಸ ಮಾಡಬಹುದು. ಕಿರಿದಾದ ಗಲ್ಲಿಯಲ್ಲಿ ಒಂದೇ ಸುತ್ತಿಗೆ ತಿರುಗಿ ನಿಲ್ಲುವುದು. ದೋಷವೆಂದರೆ ಹಿಂದಿನ ಚಕ್ರಗಳು: ಒಂದೇ ಅಡ್ಡಪಟ್ಟಿಯ ಸ್ಪ್ರಿಂಗಿಗೆ ಜೋಲುಬಿದ್ದ ಅವು ಭಾರದ ಏರಿಳಿತಕ್ಕೆ ತಕ್ಕಂತೆ ಓರೆಯಾಗುವುವು. ಹೊರೆ ಹೊತ್ತ ಹೆರಾಲ್ಡನ್ನು ಹಿಂದಿನಿಂದ ನೋಡಿದರೆ ಮೊಣಕಾಲು ಸಡಿಲಿದ ಮುದುಕನ ನಡಿಗೆ ನೆನಪಾಗುವುದು. ಇಂಗ್ಲೆಂಡಿನ ಹೆರಾಲ್ಡುಗಳಿಗೆ ಎರಡೇ ಬಾಗಿಲು. ನಮ್ಮವರಾದರೋ ಹಿಂದಿನ ಸೀಟಿಗೆ ಅಜ್ಜಿಯರನ್ನು ಹತ್ತಿಸಬೇಕಾಗಿದ್ದುದರಿಂದ ಮದರಾಸಿನವರು ನಾಲ್ಕು ಬಾಗಿಲಿನ ಹೆರಾಲ್ಡನ್ನು ಮಾಡಿದರು. ಅದು ಇಂಡಿಯಾದಲ್ಲಲ್ಲದೆ ಬೇರೆಲ್ಲಿಯೂ ತಯಾರಾಗಲಿಲ್ಲ. ೧೯೭೨ರಲ್ಲಿ ಬಂದ ‘ಗೆಜೆಲ್’ ಅದರ ಕೊನೆಯ ಅವತಾರ. ಹಿಂದಿನ ಚಕ್ರಗಳ ಓರೆ ಅದರಲ್ಲಿ ಸರಿಹೋಗಿತ್ತು, ಆದರೆ ಗಾಡಿ ಹೆಚ್ಚು ಕಾಲ ನಡೆಯಲಿಲ್ಲ. ಇಂದು ಗೆಜೆಲನ್ನು ಬೀದಿಯಲ್ಲಿ ಕಂಡವರು ನಿಂತು ನೋಡಬೇಕು.

ಇನ್ನು ಬೆಂಗಳೂರಿನದೇ ಸಂತಾನಕ್ಕೆ ಬರೋಣ. ವಿಶ್ವೇಶ್ವರಯ್ಯನವರಿಗೆ ದೊರೆಯದ ಕಾರ್ಖಾನೆ, ಬೇರೊಂದು ರೀತಿಯಲ್ಲಿ, ಬಹು ಚಿಕ್ಕದಾಗಿ, ೧೯೭೦ರ ದಶಕದಲ್ಲಿ ಬಂದಿತು. ಸನ್‌ರೈಸ್ ಎಂಬ ಕಂಪೆನಿಯು ‘ಬಾದಲ್’ ಎಂಬ ಮೂರು ಚಕ್ರದ ಕಾರನ್ನು ಮಾಡಿತು. ಮುಂದೆ ಒಂದು ಚಕ್ರ, ಹಿಂದೆ ಎರಡು. ಎಂಜಿನ್ನು ಸ್ಕೂಟರಿನ ಜಾತಿಯದು, ೨೦೦ ಸಿ.ಸಿ.ಗೂ ಕಡಮೆ, ಮೈ ಫೈಬರ್ ಗ್ಲಾಸಿನದು. ಬಾದಲ್ ಎಂದರೆ ಮೋಡ. ಗಾಡಿಯೂ ಮೋಡದಂತೆಯೇ ಬಂದು ಹೋಯಿತು. ಅನಂತರ ೧೯೮೨ರಲ್ಲಿ, ಸಿಪಾನಿ ಎಂದು ಹೆಸರು ಬದಲಿಸಿದ ಅದೇ ಕಂಪೆನಿಯು ಇಂಗ್ಲೆಂಡಿನ ರಿಲಯಂಟ್ ಕಂಪೆನಿಯ ‘ಕಿಟನ್’ ಮಾದರಿಯನ್ನು ‘ಡಾಲ್ಫಿನ್’ ಎಂಬ ಹೆಸರಿನಲ್ಲಿ ಹೊರತಂದಿತು. ೮೪೮ ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್ನು, ಹಗುರವಾದ ಫೈಬರ್ ಮೈ, ಎರಡು ಬಾಗಿಲು. ಮೋಟಾರು ರ್‍ಯಾಲಿಗಳಲ್ಲಿ ಅದು ಹೆಸರು ಗಳಿಸಿತು. ಆದರೆ ಕೊಳ್ಳುವವರು ಮೈಯನ್ನು ಬೆರಳಿನಿಂದ ತಟ್ಟಿ ನೋಡಿ, ತಗಡಿನ ಸದ್ದು ಬರಲಿಲ್ಲವೆಂದು ಹಿಂದೆಗೆದರು. ವರ್ಷವೆರಡು ಕಳೆಯುವುದರೊಳಗೆ, ೧೯೮೩ರ ಡಿಸೆಂಬರ್ ೧೪ರಂದು, ಮಾರುತಿ ೮೦೦ ಬಂದಿತು; ಡಾಲ್ಫಿನ್ನಿನ ಹಣೆಯಬರಹ ತೀರ್ಮಾನವಾಯಿತು. ನಾಲ್ಕು ಬಾಗಿಲಿನ ‘ಮೊಂಟಾನ’ವನ್ನು ಮಾಡಿ ನೋಡಿದರೂ ಕಾಲ ಮೀರಿತ್ತು. ಫೈಬರಿನ ಮೈಗೆ ತುಕ್ಕು ಹಿಡಿಯದು. ಆದುದರಿಂದ ಡಾಲ್ಫಿನ್ನಿನ ಹೊರರೂಪ ಬಹುಕಾಲ ಉಳಿಯುವುದು, ಕೆಳಗಿನ ಉಕ್ಕಿನ ಚಾಸಿ ಮೊದಲು ಸಾಯುವುದು.

ಗೆದ್ದ ಮಾರುತಿಯ ಗತಿಯೂ ವಿಚಿತ್ರವೇ. ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ೮೦೦ಗಳು ತಯಾರಾದುವು. ಆದರೆ ಮೊದಲ ಎರಡು ಮೂರು ವರ್ಷಗಳಲ್ಲಿ ಬಂದ, ಮೂಲೆಗಳು ಚೂಪಾದ ಎಸ್.ಎಸ್. ೮೦ ಮಾದರಿಯು ಇಂದು ಎಷ್ಟು ಬೀದಿಗಳಲ್ಲಿ ಇದೆ? ಬೆಂಗಳೂರಿನದೇ ಆದ ‘ರೇವಾ’ ೨೦೦೧ರಲ್ಲಿ ಬಂದ ವಿದ್ಯುತ್ತಿನ ಪುಟ್ಟ ಕಾರು. ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಿದ್ದೂ ಉಂಟು. ಇಂದು ವಿದ್ಯುತ್ತಿನ ಗಾಡಿಗಳ ಸಾಲಿನಲ್ಲಿ ನಿಂತಿರುವವರಿಗೆ ಅದರ ನೆನಪಿಲ್ಲ. ಬ್ಯಾಟರಿ ಸತ್ತಮೇಲೆ ಅನೇಕ ರೇವಾಗಳು ಅಂಗಳದಲ್ಲಿಯೇ ನಿಂತುಹೋದುವು.

ಗಾಡಿಯ ವಯಸ್ಸನ್ನು ತಿಳಿಯಲು ಸಂಖ್ಯಾಫಲಕವೂ ಸಹಾಯಕ. ೧೯೮೮ರ ಮೋಟಾರು ವಾಹನ ಶಾಸನವು ಮರುವರ್ಷ ಜಾರಿಗೆ ಬಂದಮೇಲೆ ನಮ್ಮಲ್ಲಿ ‘ಕೆ.ಎ.’ ಎಂಬ ಅಕ್ಷರಗಳು ಬಂದುವು, ಎಂ.ವೈ., ಎಂ.ಇ., ಸಿ.ಎ. ಎಂದು ಮೊದಲಾಗುವ ಫಲಕಗಳು ಅದಕ್ಕೂ ಹಿಂದಿನವು. ೨೦೨೩ರಲ್ಲಿ ಹಳೆಯ ಗಾಡಿಗಳಿಗೂ ಹೊಸ ಭದ್ರತಾ ಫಲಕ ಹಾಕಿಸಬೇಕೆಂಬ ಆಜ್ಞೆ ಹೊರಟಿತು. ಅಕ್ಷರ ಅಂಕೆಗಳು ಅವೇ. ಪೇಂಟರು ಕೈಯಿಂದ ಬರೆದ ಬರೆಹ ಮಾತ್ರ ಕಾಣದಾಗುವುದು.

ಆಜ್ಞೆಗಳ ಮಾತು ಬಂದುದರಿಂದ ಮುಖ್ಯವಾದ ಒಂದನ್ನು ಹೇಳಬೇಕು. ೨೦೨೧ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಪುರಾತನ ವಾಹನಗಳಿಗೆಂದು ನಿಯಮಗಳನ್ನು ಹೊರಡಿಸಿತು. ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ಗಾಡಿಗೆ ೨೦,೦೦೦ ರೂಪಾಯಿ ಕಟ್ಟಿ ‘ವಿ.ಎ.’ ಅಕ್ಷರಗಳ ಪ್ರತ್ಯೇಕ ನೋಂದಣಿ ಪಡೆಯಬಹುದು. ನಿತ್ಯದ ಓಡಾಟಕ್ಕೆ ಅದನ್ನು ಬಳಸತಕ್ಕುದಲ್ಲ. ಒಳ್ಳೆಯದೇ. ಆದರೆ ಖಾಸಗಿ ಗಾಡಿಯ ಮೊದಲ ನೋಂದಣಿ ಮುಗಿಯುವುದು ಹದಿನೈದು ವರ್ಷಕ್ಕೆ. ಅಲ್ಲಿಂದ ಮುಂದೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ನವೀಕರಿಸಬೇಕು. ಕಾರಿನ ನವೀಕರಣದ ಶುಲ್ಕವು ೨೦೨೨ರ ಏಪ್ರಿಲಿನಲ್ಲಿ ೬೦೦ ರೂಪಾಯಿಯಿಂದ ೫,೦೦೦ಕ್ಕೆ ಏರಿತು. ಹದಿನೈದಕ್ಕೂ ಐವತ್ತಕ್ಕೂ ನಡುವಿನ ಮೂವತ್ತೈದು ವರ್ಷಗಳಲ್ಲಿ ಗಾಡಿಯು ಚರಿತ್ರೆಯೂ ಅಲ್ಲ, ಹೊಸದೂ ಅಲ್ಲ. ಬರಿಯ ಹಳೆಯ ಗಾಡಿ. ನಗರದ ಗಾಳಿ ಕೆಡಬಾರದೆಂಬ ವಾದ ಸರಿಯಾದದ್ದೇ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಾರಕ್ಕೊಮ್ಮೆ ಎರಡು ಮೈಲಿ ಓಡುವ ಗಾಡಿಗೂ ದಿನವೆಲ್ಲ ಓಡುವ ಗಾಡಿಗೂ ಒಂದೇ ಅಳತೆಗೋಲು ಹಿಡಿಯುವುದು ನಮಗೆ ಉಚಿತವಾಗಿ ತೋರದು. ಮೊದಲ ಡಾಲ್ಫಿನ್ನಿಗೆ ಐವತ್ತು ತುಂಬುವುದು ೨೦೩೨ರಲ್ಲಿ, ಮೊದಲ ಮಾರುತಿಗೆ ೨೦೩೩ರಲ್ಲಿ, ಮೊದಲ ರೇವಾಕ್ಕೆ ೨೦೫೧ರಲ್ಲಿ. ಅಲ್ಲಿಯವರೆಗೆ ಅವನ್ನು ಕಾಯಬೇಕಾದವರು ನಿವೃತ್ತಿವೇತನದಲ್ಲಿ ಬದುಕುವ ವೃದ್ಧರೂ, ಅವರ ಮನೆಯನ್ನು ಮಾರಿ ಅಪಾರ್ಟ್‌ಮೆಂಟು ಕಟ್ಟಿಸಬೇಕೆಂದಿರುವ ಮಕ್ಕಳೂ.

ಆದುದರಿಂದ ಇಂತಹ ಗಾಡಿಯೊಂದು ಕಣ್ಣಿಗೆ ಬಿದ್ದಾಗ ಚಿತ್ರವೊಂದನ್ನು ತೆಗೆದು ಮುಂದೆ ಹೋಗದೆ ಯಜಮಾನರನ್ನು ಮಾತನಾಡಿಸಿದರೆ ಲಾಭವುಂಟು. ಯಾವ ವರ್ಷದ್ದು, ಎಷ್ಟು ಕಾಲ ಕಾದು ಪಡೆದದ್ದು, ಯಾವ ಭಾಗವನ್ನು ಯಾವುದರಿಂದ ಬದಲಿಸಿದ್ದು ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ, ಹೆರಾಲ್ಡಿನ ಬಿಡಿಭಾಗವನ್ನು ಕೈಯಿಂದ ಮುಟ್ಟಿಯೇ ಗುರುತಿಸಬಲ್ಲ ಮುದುಕರು ಇದ್ದರೆ ಅವರನ್ನೂ ಕೇಳಬೇಕು. ಕಾರ್ಖಾನೆಯ ದಫ್ತರಗಳಲ್ಲಿ ಸಿಕ್ಕದ ಸಂಗತಿಗಳು ಅವರ ಬಳಿ ಇರುವುವು, ಮತ್ತು ಅವರು ಗಾಡಿಗಳಿಗಿಂತ ವಯಸ್ಸಾದವರು.