ಟಿಸಿಪಿ/ಐಪಿ: ಇತಿಹಾಸ

ಬೇರೆ ಬೇರೆ ಬಗೆಯ ಕಂಪ್ಯೂಟರ್ ಜಾಲಗಳು ಪರಸ್ಪರ ದತ್ತಾಂಶ ವಿನಿಮಯ ಮಾಡಿಕೊಳ್ಳಲು ಪಾಲಿಸುವ ನಿಯಮಗಳ ಗುಂಪು ಟಿಸಿಪಿ/ಐಪಿ. ಪ್ಯಾಕೆಟ್ ಎಂದು ಕರೆಯುವ ದತ್ತಾಂಶದ ಪ್ರತಿ ತುಂಡಿಗೂ ವಿಳಾಸ ಹಚ್ಚಿ ಜಾಲದಿಂದ ಜಾಲಕ್ಕೆ ದಾಟಿಸುವುದು ಐಪಿ. ದಾರಿಯಲ್ಲಿ ಕಳೆದದ್ದನ್ನು ಮತ್ತೆ ಕಳಿಸುವುದು, ಹಿಂದುಮುಂದಾದದ್ದನ್ನು ಕ್ರಮಕ್ಕೆ ತರುವುದು ಟಿಸಿಪಿಯ ಕೆಲಸ. ಇಂದಿನ ಇಂಟರ್ನೆಟ್ಟಿಗೆ ಈ ಜೋಡಿಯೇ ಆಧಾರ.

ಪ್ಯಾಕೆಟ್ ಸ್ವಿಚಿಂಗ್‌ನ ಮೂಲ: ಸಂದೇಶವನ್ನು ತುಂಡುಮಾಡಿ ಕಳಿಸುವ ವಿಧಾನ ಯಾರದು ಎಂಬುದು ಇನ್ನೂ ವಿವಾದದ ವಿಷಯ. ಅಮೆರಿಕದ ರ್‍ಯಾಂಡ್ ಸಂಸ್ಥೆಯ ಪಾಲ್ ಬರಾನ್ ಅಣುದಾಳಿಯಾದರೂ ಉಳಿಯಬಲ್ಲ ಸಂಪರ್ಕಜಾಲವನ್ನು ಕುರಿತು 1964ರಲ್ಲಿ ವರದಿಗಳನ್ನು ಪ್ರಕಟಿಸಿದರು. ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಡೊನಾಲ್ಡ್ ಡೇವಿಸ್ ಆ ಕೆಲಸದ ಅರಿವಿಲ್ಲದೆ 1965ರಲ್ಲಿ ಇದೇ ವಿಧಾನವನ್ನು ಕಂಡುಕೊಂಡರು. ದೂರದ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುವಾಗ ದೂರವಾಣಿ ಮಾರ್ಗ ಬಹುಪಾಲು ಹೊತ್ತು ಖಾಲಿ ಬಿದ್ದಿರುವುದು ಅವರನ್ನು ಈ ದಿಕ್ಕಿಗೆ ಹಚ್ಚಿತ್ತು. 1967ರಲ್ಲಿ ಗ್ಯಾಟ್ಲಿನ್‌ಬರ್ಗ್ ಸಮ್ಮೇಳನಕ್ಕೆ ಬಂದ ಡೇವಿಸ್ ತಂಡದ ರೋಜರ್ ಸ್ಕ್ಯಾಂಟಲ್‌ಬರಿಯವರ ಮೂಲಕ, ಅಮೆರಿಕದ ಸಂಶೋಧನಾ ಕಂಪ್ಯೂಟರ್ ಜಾಲವಾದ ಅರ್ಪಾನೆಟ್ಟನ್ನು ರೂಪಿಸುತ್ತಿದ್ದ ಲ್ಯಾರಿ ರಾಬರ್ಟ್ಸ್ ಈ ವಿಚಾರಗಳನ್ನು ತಿಳಿದರು.

ಲಿಯೊನಾರ್ಡ್ ಕ್ಲೈನ್‌ರಾಕ್ ಎಂಬ ಅಮೆರಿಕದ ಗಣಕ ವಿಜ್ಞಾನಿ ತಮ್ಮ ಪಿಎಚ್.ಡಿ. ಪ್ರಬಂಧದಲ್ಲೇ ಪ್ಯಾಕೆಟ್ ಸ್ವಿಚಿಂಗ್‌ಗೆ ಬುನಾದಿ ಹಾಕಿದ್ದರು ಎಂಬ ವಾದ 1990ರ ದಶಕದಲ್ಲಿ ಬಲಗೊಂಡಿತು. ಆ ಪ್ರಬಂಧದಲ್ಲಿರುವುದು ಸರದಿಸಾಲಿನ ಗಣಿತ, ಪ್ಯಾಕೆಟ್ ಸ್ವಿಚಿಂಗ್ ಅಲ್ಲ ಎಂದು ಡೇವಿಸ್ ಆಕ್ಷೇಪಿಸಿದರು. ಈ ಕುರಿತ ಅವರ ಲೇಖನ ಮರಣಾನಂತರ, 2001ರಲ್ಲಿ ಅಚ್ಚಾಯಿತು. ಅರ್ಪಾನೆಟ್ಟನ್ನು ಅಣುಯುದ್ಧಕ್ಕಾಗಿ ಕಟ್ಟಿದರು ಎಂಬ ಜನಜನಿತ ಮಾತು ಬರಾನ್ ಉದ್ದೇಶವನ್ನು ಇನ್ನೊಂದು ಯೋಜನೆಗೆ ಅಂಟಿಸಿದ್ದರ ಫಲ. ದುಬಾರಿ ಕಂಪ್ಯೂಟರುಗಳನ್ನು ಸಂಶೋಧಕರು ಹಂಚಿಕೊಳ್ಳಲೆಂದು ಆ ಜಾಲ ಹುಟ್ಟಿತು. ಅದರ ಮೊದಲ ಸಂದೇಶ ಹೋದದ್ದು 1969ರ ಅಕ್ಟೋಬರ್ 29ರಂದು.

ಒಂದು ಎರಡಾದದ್ದು: ಅಮೆರಿಕದ ಗಣಕ ವಿಜ್ಞಾನಿಗಳಾದ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರ ಮೇ ತಿಂಗಳ ಪ್ರಬಂಧದಲ್ಲಿ ಟಿಸಿಪಿ/ಐಪಿಯನ್ನು ರೂಪಿಸಿದರು ಎಂದು ಹಲವು ಪಠ್ಯಗಳು ಬರೆಯುತ್ತವೆ. ಆ ಪ್ರಬಂಧದಲ್ಲಿದ್ದದ್ದು ಟಿಸಿಪಿ ಮಾತ್ರ. ವಿಳಾಸ, ಸಾಗಣೆ, ಕಳೆದದ್ದರ ಮರುರವಾನೆ ಎಲ್ಲವೂ ಅದರದೇ ಹೊಣೆ. ಅದೇ ಡಿಸೆಂಬರಿನಲ್ಲಿ ಬಂದ ವಿವರವಾದ ನಿರೂಪಣೆಗೆ ಸರ್ಫ್ ಜತೆ ಕಾರ್ಲ್ ಸನ್‌ಶೈನ್ ಮತ್ತು ಮುಂಬಯಿ ಐಐಟಿಯ ಪದವೀಧರ ಯೋಗೇನ್ ದಲಾಲ್ ಸಹಲೇಖಕರು. ಧ್ವನಿ ರವಾನೆಯ ಪ್ರಯೋಗಗಳು ಈ ವ್ಯವಸ್ಥೆಯ ಕೊರತೆಯನ್ನು ತೋರಿಸಿದವು. ಮಾತಿನ ಒಂದು ಚೂರು ಕಳೆದರೆ ಕೇಳುಗ ಸಹಿಸುತ್ತಾನೆ. ಅದನ್ನು ಮತ್ತೆ ತರಿಸಲು ಕಾಯುತ್ತ ಕುಳಿತರೆ ಸಂಭಾಷಣೆಯೇ ಕೆಡುತ್ತದೆ. ಆದ್ದರಿಂದ 1978ರಲ್ಲಿ ಸಾಗಣೆಯನ್ನು ಐಪಿ ಎಂದು ಬೇರ್ಪಡಿಸಲಾಯಿತು. ಮರುರವಾನೆಯ ಗೊಡವೆಯಿಲ್ಲದ ಯುಡಿಪಿ 1980ರಲ್ಲಿ ಬಂದಿತು. 1981ರ ಸೆಪ್ಟೆಂಬರಿನಲ್ಲಿ ಐಪಿ ಮತ್ತು ಟಿಸಿಪಿಗಳ ಪ್ರಮಾಣ ದಾಖಲೆಗಳು ಹೊರಬಂದವು. 1983ರ ಜನವರಿ 1ರಂದು ಅರ್ಪಾನೆಟ್ ಹಳೆಯ ಎನ್‌ಸಿಪಿ ನಿಯಮಗಳನ್ನು ಕೈಬಿಟ್ಟು ಇವನ್ನು ಅಳವಡಿಸಿಕೊಂಡಿತು.

ಏಳು ಪದರಗಳ ಸ್ಪರ್ಧಿ: ವಿದ್ಯಾರ್ಥಿಗಳು ಮೊದಲು ಕಲಿಯುವ ಏಳು ಪದರಗಳ ಓಎಸ್‌ಐ ಮಾದರಿ ಇಂಟರ್ನೆಟ್ಟಿನ ನಕ್ಷೆಯಲ್ಲ, ಅದರ ಪ್ರತಿಸ್ಪರ್ಧಿ. ಅಂತರರಾಷ್ಟ್ರೀಯ ಪ್ರಮಾಣೀಕರಣ ಸಂಸ್ಥೆ ಅದನ್ನು 1984ರಲ್ಲಿ ಪ್ರಕಟಿಸಿತು. ಅಮೆರಿಕ ಸರ್ಕಾರ ತನ್ನ ಖರೀದಿಗಳಿಗೆ 1990ರಿಂದ ಅದನ್ನೇ ಕಡ್ಡಾಯ ಮಾಡಿತು. ಆದರೆ ಬರ್ಕ್ಲಿ ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಜತೆ 1983ರಿಂದಲೇ ಸಿಗುತ್ತಿದ್ದ ಟಿಸಿಪಿ/ಐಪಿ ವಿಶ್ವವಿದ್ಯಾಲಯಗಳಲ್ಲಿ ಆಗಲೇ ಬೇರೂರಿತ್ತು. ಭಾರತದಲ್ಲಿ 1986ರಲ್ಲಿ ಆರಂಭವಾದ ಶಿಕ್ಷಣ-ಸಂಶೋಧನಾ ಜಾಲ ಅರ್ನೆಟ್‌ನಲ್ಲೂ ಇದೇ ಕಥೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು ಮೊದಲಾದವು ಪಾಲ್ಗೊಂಡಿದ್ದ ಈ ಜಾಲ ಎರಡೂ ಪದ್ಧತಿಗಳನ್ನು ನಡೆಸಿ, 1995ರ ಹೊತ್ತಿಗೆ ಬಹುತೇಕ ಟಿಸಿಪಿ/ಐಪಿಗೇ ನೆಲೆನಿಂತಿತು.

ದಟ್ಟಣೆ: 1986ರ ಅಕ್ಟೋಬರಿನಲ್ಲಿ ಸುಮಾರು 400 ಗಜ ಅಂತರದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವಣ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40ಕ್ಕೆ ಕುಸಿಯಿತು. ದಟ್ಟಣೆಯಲ್ಲಿ ಪ್ಯಾಕೆಟ್ ಕಳೆದಾಗಲೆಲ್ಲ ಕಂಪ್ಯೂಟರುಗಳು ಮತ್ತೆ ಕಳಿಸುತ್ತಿದ್ದುದರಿಂದ ದಟ್ಟಣೆ ಇನ್ನಷ್ಟು ಹೆಚ್ಚುತ್ತಿತ್ತು. ನಷ್ಟ ಕಂಡೊಡನೆ ರವಾನೆಯನ್ನು ತಗ್ಗಿಸಿ, ಬಳಿಕ ನಿಧಾನವಾಗಿ ಏರಿಸುವ ಉಪಾಯವನ್ನು ಆ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದರು.

ಈಚಿನ ಬೆಳವಣಿಗೆ: ಐಪಿಯ ನಾಲ್ಕನೆಯ ಆವೃತ್ತಿ ನೀಡಬಲ್ಲ ಸುಮಾರು 430 ಕೋಟಿ ವಿಳಾಸಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲಿ ಬರಿದಾಯಿತು. 1995ರಲ್ಲೇ ನಿರೂಪಿತವಾದ ಆರನೆಯ ಆವೃತ್ತಿ 2017ರಲ್ಲಿ ಪೂರ್ಣ ಪ್ರಮಾಣವಾಯಿತು. ಯುಡಿಪಿಯ ಮೇಲೆ ಕಟ್ಟಿದ ಕ್ವಿಕ್ ಎಂಬ ನಿಯಮಾವಳಿ 2021ರಲ್ಲಿ ಪ್ರಮಾಣೀಕೃತವಾಗಿ, ವೆಬ್ ಸಾಗಣೆಯಲ್ಲಿ ಟಿಸಿಪಿಯ ಒಂದು ಪಾಲನ್ನು ವಹಿಸಿಕೊಂಡಿದೆ. 1981ರ ಟಿಸಿಪಿ ದಾಖಲೆಯನ್ನು, ನಡುವಿನ ತಿದ್ದುಪಡಿಗಳನ್ನೆಲ್ಲ ಒಗ್ಗೂಡಿಸಿ, 2022ರ ಆಗಸ್ಟಿನಲ್ಲಿ ಹೊಸದಾಗಿ ಪ್ರಕಟಿಸಲಾಯಿತು.