ಎಲೆ ಉದುರುವ ಕಾಲ ಮತ್ತು ಮಕ್ಕಳ ತೋಟ

'ಕಿಂಡರ್‌ಗಾರ್ಟನ್' ಅಂದ್ರೆ ಜರ್ಮನ್ ಭಾಷೆಯಲ್ಲಿ ಮಕ್ಕಳ ತೋಟ ಅಂತ ನಮಗೆಲ್ಲ ಗೊತ್ತು. ಮಕ್ಕಳು ಹೂಗಿಡಗಳು, ಟೀಚರ್ ಮಾಲಿ ಅಂತ ಒಂದು ಉಪಮೆ ಹೇಳಿ ಮುಂದಕ್ಕೆ ಹೋಗಿಬಿಡ್ತೀವಿ. ಆದರೆ ಈ ಹೆಸರಿಟ್ಟ ಫ್ರೆಡ್ರಿಕ್ ಫ್ರೋಬೆಲ್‌ಗೆ ಅದು ಬರೀ ಉಪಮೆ ಆಗಿರಲಿಲ್ಲ. ಅವನಿಗೆ ಬೇಕಿದ್ದದ್ದು ಮಣ್ಣು, ಗೊಬ್ಬರ, ಎರೆಹುಳು ಎಲ್ಲ ಇರೋ ನಿಜವಾದ ತೋಟ. ಅಲ್ಲಿ ಶರತ್ಕಾಲ ಅಂದ್ರೆ ಮಕ್ಕಳಿಗೆ ಸುಗ್ಗಿ.

(ಬಿ.ಎಡ್. ಮಾಡಿದವರಿಗೆ ಫ್ರೋಬೆಲ್ ಅಂದ್ರೆ ಪರೀಕ್ಷೆಗೆ ಬರೋ ಒಂದು ಸಣ್ಣ ಟಿಪ್ಪಣಿ. ಪಾಪ, ಅಷ್ಟಕ್ಕೇ ಬಿಡೋ ಆಸಾಮಿ ಅಲ್ಲ!)

ಹುಟ್ಟಿದ್ದು 1782ರಲ್ಲಿ, ತುರಿಂಗಿಯಾದ ಕಾಡುಬೆಟ್ಟಗಳ ನಡುವಿನ ಹಳ್ಳಿಯಲ್ಲಿ, ಪಾದ್ರಿಯೊಬ್ಬರ ಮಗನಾಗಿ. ವರ್ಷ ತುಂಬೋ ಮೊದಲೇ ತಾಯಿ ತೀರಿಕೊಂಡರು. ಹದಿನೈದರ ವಯಸ್ಸಿಗೆ ಅರಣ್ಯಾಧಿಕಾರಿಯೊಬ್ಬರ ಹತ್ತಿರ ಕೆಲಸ ಕಲಿಯಲು ಹೋದ. ಆಮೇಲೆ ಬರ್ಲಿನ್ನಿನಲ್ಲಿ ಖನಿಜಗಳ ಸಂಗ್ರಹ ನೋಡಿಕೊಂಡ. ಚಿಕ್ಕ ಮಕ್ಕಳ ಕಡೆ ಪೂರ್ತಿ ತಿರುಗಿದ್ದು ಐವತ್ತು ದಾಟಿದ ಮೇಲೆ, 1837ರಲ್ಲಿ, ಬ್ಲಾಂಕೆನ್‌ಬುರ್ಗ್ ಅನ್ನೋ ಸಣ್ಣ ಊರಲ್ಲಿ. ಕಿಂಡರ್‌ಗಾರ್ಟನ್ ಅನ್ನೋ ಹೆಸರು ಬಂದದ್ದು 1840ರಲ್ಲಿ.

ಅವನು ಹಾಕಿಕೊಟ್ಟ ತೋಟದ ನಕ್ಷೆ ನನಗೆ ತುಂಬಾ ಇಷ್ಟ. ನಡುವೆ ಪುಟ್ಟ ಪುಟ್ಟ ಪಾತಿಗಳು, ಒಂದು ಮಗುವಿಗೆ ಒಂದು. ಜಾಗ ಸಾಲದಿದ್ರೆ ಇಬ್ಬರಿಗೆ ಒಂದು. ಆ ಪಾತಿಗಳ ಸುತ್ತ ಎಲ್ಲರಿಗೂ ಸೇರಿದ ಹೂವು, ತರಕಾರಿಗಳ ಪಾತಿಗಳು. ತನ್ನ ಪಾತಿಯಲ್ಲಿ ಮಗು ಏನು ಬೇಕಾದ್ರೂ ಬಿತ್ತಬಹುದು, ಹೇಗೆ ಬೇಕಾದ್ರೂ ನೋಡಿಕೊಳ್ಳಬಹುದು. ನೀರು ಹಾಕೋದು ಮರೆತ್ರೆ ಗಿಡ ಒಣಗುತ್ತೆ. ಟೀಚರ್ ಗದರೋ ಅಗತ್ಯವೇ ಇಲ್ಲ! ಸುತ್ತಲಿನ ಪಾತಿಗೆ ಮಾತ್ರ ಎಲ್ಲರೂ ದುಡೀಬೇಕು. ನನ್ನದು ಅಂದ್ರೇನು, ನಮ್ಮದು ಅಂದ್ರೇನು ಅನ್ನೋದು ನಾಲ್ಕು ವರ್ಷದ ಮಗುವಿಗೆ ಕಾಲಲ್ಲೇ ಗೊತ್ತಾಗೋ ಏರ್ಪಾಟು ಇದು. ವಸಂತದಲ್ಲಿ ಊರಿದ ಬೀಜ ಏನಾಯ್ತು ಅನ್ನೋ ಲೆಕ್ಕ ಶರತ್ಕಾಲದಲ್ಲಿ. ಬೀನ್ಸ್ ಕಾಯಿ ಒಣಗಿಸಿ ಸುಲಿದ್ರೆ ಒಳಗೆ ಮತ್ತದೇ ಬೀಜ. ಎಣಿಸೋದು, ಹಂಚಿಕೊಳ್ಳೋದು, ಮುಂದಿನ ವರ್ಷಕ್ಕೆ ಎತ್ತಿಡೋದು ಎಲ್ಲ ಒಂದೇ ಕೆಲಸದಲ್ಲಿ ಬಂದುಬಿಡುತ್ತೆ.

ಇಂಥ ಶಾಲೆಯನ್ನು ಒಂದು ಸರ್ಕಾರ ನಿಷೇಧಿಸಿತು ಅಂದ್ರೆ ನಂಬ್ತೀರಾ? 1851ರ ಆಗಸ್ಟಿನಲ್ಲಿ ಪ್ರಷ್ಯಾದ ಮಂತ್ರಿ ಫಾನ್ ರೌಮರ್ ಕಿಂಡರ್‌ಗಾರ್ಟನ್‌ಗಳನ್ನೆಲ್ಲ ಮುಚ್ಚಿಸಿದ. ಇವು ಸಮಾಜವಾದದ ಭಾಗ, ಮಕ್ಕಳಿಗೆ ನಾಸ್ತಿಕತೆ ಕಲಿಸುತ್ತವೆ ಅನ್ನೋದು ಆರೋಪ. ಫ್ರೋಬೆಲ್‌ನ ಅಣ್ಣನ ಮಗ ಕಾರ್ಲ್ ಬರೆದಿದ್ದ ಒಂದು ಕಿರುಪುಸ್ತಕವನ್ನೂ ಇವನ ತಲೆಗೇ ಕಟ್ಟಿದ್ರು. ಹೆಸರಿನ ಗೊಂದಲ ಅಂತ ಹೇಳಿ ಸುಮ್ಮನಾಗೋರೂ ಇದ್ದಾರೆ. ನನಗೆ ಹಾಗನ್ನಿಸಲ್ಲ. 1848ರ ಕ್ರಾಂತಿ ಸೋತ ಮೇಲಿನ ದಿನಗಳು ಅವು. ತನ್ನ ಪಾತಿಗೆ ತಾನೇ ಯಜಮಾನ ಆಗಿರೋ ಮಗು ಅಂಥ ಸರ್ಕಾರಕ್ಕೆ ಹಿಡಿಸೋದು ಕಷ್ಟವೇ. ಫ್ರೋಬೆಲ್ 1852ರ ಜೂನಿನಲ್ಲಿ ತೀರಿಕೊಂಡ. ನಿಷೇಧ ಎದ್ದದ್ದು 1860ರಲ್ಲಿ.

ಮುಂದೆ ಬರ್ಲಿನ್ನಿನಲ್ಲಿ ಅವನ ಬಂಧು ಹೆನ್ರಿಯೆಟ್ ಶ್ರಾಡರ್-ಬ್ರೈಮಾನ್ ಇನ್ನೊಂದು ದಾರಿ ಹುಡುಕಿದಳು: ಒಂದು ತಿಂಗಳಿಗೆ ಒಂದು ವಸ್ತು. ಆ ತಿಂಗಳ ಹಾಡು, ಕಥೆ, ಕೈಕೆಲಸ, ಅಡುಗೆ ಎಲ್ಲ ಅದರ ಸುತ್ತಲೇ. ಇವತ್ತಿನ ನರ್ಸರಿಗಳ 'ಈ ತಿಂಗಳ ಥೀಮ್' ಇದರ ದೂರದ ನೆಂಟ ಅಂತ ನನಗನ್ನಿಸುತ್ತೆ. ವ್ಯತ್ಯಾಸ ಒಂದೇ, ಅವಳ ಮಕ್ಕಳು ವಸ್ತುವನ್ನು ಕೈಯಲ್ಲಿ ಹಿಡೀತಿದ್ರು.

ಕೈಯಲ್ಲಿ ಹಿಡಿದ್ರೆ ಉದುರಿದ ಎಲೆಯೂ ಸಣ್ಣ ಪಾಠವಲ್ಲ. ಹಸಿರು ಬಣ್ಣ ಒಡೆದುಹೋದಾಗ ಮೊದಲಿಂದಲೂ ಒಳಗೇ ಇದ್ದ ಹಳದಿ ಕಾಣಿಸುತ್ತೆ. ಮೇಪಲ್‌ನ ಕೆಂಪು ಮಾತ್ರ ಬಹುಪಾಲು ಆ ಹೊತ್ತಿಗೆ ಹೊಸದಾಗಿ ತಯಾರಾಗೋದು. ಜರ್ಮನಿಯ ಶಿಶುವಿಹಾರಗಳಲ್ಲಿ ಇಂದಿಗೂ ಮಕ್ಕಳು ಕಾಡು ಚೆಸ್ಟ್‌ನಟ್ ಕಾಯಿಗೆ ಕಡ್ಡಿ ಚುಚ್ಚಿ ಗೊಂಬೆ ಮಾಡ್ತಾರೆ. ನವೆಂಬರ್ 11ರ ಸುಮಾರಿಗೆ, ಸಂತ ಮಾರ್ಟಿನ್ ಹಬ್ಬಕ್ಕೆ, ತಾವೇ ಅಂಟಿಸಿದ ಕಾಗದದ ಲಾಟೀನು ಹಿಡಿದು ಕತ್ತಲಲ್ಲಿ ಮೆರವಣಿಗೆ ಹೋಗ್ತಾರೆ. ದಿನ ಗಿಡ್ಡವಾಗ್ತಿದೆ ಅನ್ನೋದನ್ನ ಬೇರೆ ಕಲಿಸಬೇಕಾ?

ಪಾತಿ ಬಿಟ್ಟು ಬರೀ ಚಿತ್ರ ಪ್ರಯಾಣ ಮಾಡಿದಾಗಲೇ ತಮಾಷೆ. ಅಕ್ಟೋಬರ್ ತಿಂಗಳಲ್ಲಿ ಬೆಂಗಳೂರಿನ ಪ್ಲೇ-ಹೋಮ್ ಗೋಡೆಯ ಮೇಲೆ ಕಿತ್ತಳೆ ಬಣ್ಣದ ಮೇಪಲ್ ಎಲೆಗಳನ್ನು ನಾನೇ ನೋಡಿದ್ದೇನೆ. ನಮ್ಮ ಋತುಗಳ ಪಟ್ಟಿಯಲ್ಲಿ ಎಲೆ ಉದುರೋದು ಶರತ್ತಿನಲ್ಲಿ ಅಲ್ಲ, ಶಿಶಿರದಲ್ಲಿ! ಆ ಗೋಡೆಯಿಂದ ಒಂದು ಗಂಟೆ ಪ್ರಯಾಣ ಮಾಡಿದ್ರೆ ಸಾಕು, ಹೊಲದಲ್ಲಿ ರಾಗಿ ತೆನೆ ಬಲಿಯುತ್ತಾ ಇರುತ್ತೆ. ಪಕ್ಕದ ಸಾಲಿನಲ್ಲಿ ಅವರೆ ಇನ್ನೇನು ಹೂ ಬಿಡಬೇಕು.